ಈ ಸಲದ ದಾಳಿ ಗೆಲ್ಲುತ್ತಾ ಇಲ್ವಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡದವರ ಗುಂಪಿನಲ್ಲಿ, ರಷ್ಯಾ ಯುಕ್ರೇನ್ ಮೇಲೆ ನುಗ್ಗಿದ 2022ರ ಫೆಬ್ರವರಿಯಿಂದ, ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತಲೇ ಇದೆ. ಯುಕ್ರೇನ್‌ನಲ್ಲಿ ಯಾವ ಕಡೆಯವರೋ ಮುನ್ನುಗ್ಗಿದರು ಅಂತ ಸುದ್ದಿ ಬಂದರೆ ಸಾಕು, "ಏನ್ರೀ, ಈ ಸಲ ಗೆಲ್ತಾರಾ?" ಅಂತ ಶುರು. ಕೇಳುವವರಲ್ಲಿ ಹೋಟೆಲಿನವರಿದ್ದಾರೆ, ಮಗನನ್ನು ಹಡಗಿನ ಕೆಲಸಕ್ಕೆ ಕಳಿಸಿದವರಿದ್ದಾರೆ, ರೈಲ್ವೆಯಿಂದ ರಿಟೈರ್ ಆಗಿ ಈಗ ದಿನವಿಡೀ ಯೂಟ್ಯೂಬಿನಲ್ಲಿ ಯುದ್ಧ ನೋಡುವ ನಮ್ಮ ಕೆಳಗಿನ ಮನೆ ಕಾಕಾ ಇದ್ದಾರೆ. ಒಬ್ಬೊಬ್ಬರಿಗೂ ಅದೇ ಉತ್ತರ ಬರೆದು ಬರೆದು ಬೆರಳು ಸವೆದಿದೆ. ಅದಕ್ಕೇ ಒಂದೇ ಕಡೆ ಬರೆದಿಟ್ಟೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ಬೇಜಾರು ಮಾಡ್ಕೋಬೇಡಿ.

ನೀವು ಮಿಲಿಟರಿಯವರಾ?

ಅಲ್ಲ. ನ್ಹಾವಾ ಶೇವಾ ಬಂದರಿನಲ್ಲಿ ಕಂಟೇನರ್ ಬಿಡಿಸಿ ಗಾಡಿಗೆ ಹತ್ತಿಸುವ ಕೆಲಸ ನನ್ನದು. ಊರು ಗದಗ ಕಡೆ. ದಿನಾ ಹೋಗಿ ಬರೋಕೆ ಮೂರು ಗಂಟೆ ರೈಲಿನಲ್ಲೇ ಕಳೆಯುತ್ತದೆ, ಆ ಹೊತ್ತಿನಲ್ಲಿ ಓದುತ್ತೇನೆ.

ಅಷ್ಟು ದೂರದ ಯುದ್ಧ, ನಿಮಗ್ಯಾಕೆ ಉಸಾಬರಿ?

2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಸತ್ತ ವೈದ್ಯಕೀಯ ವಿದ್ಯಾರ್ಥಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯವನು. ಊಟದ ಸಾಮಾನು ತರೋಕೆ ಹೊರಗೆ ಹೋಗಿದ್ದ. ಆ ವಾರ ಪೂರ್ತಿ ನಮ್ಮ ಗುಂಪಿನಲ್ಲಿ ಯಾವ ಊರು ಯಾರ ಕೈಲಿದೆ, ಯಾವ ರೈಲು ಓಡುತ್ತಿದೆ, ಯಾವ ಗಡಿ ತೆರೆದಿದೆ ಅನ್ನೋದೇ ಮಾತು. ಹತ್ತು ಜನ ಹತ್ತು ಫಾರ್ವರ್ಡ್ ಹಾಕುತ್ತಿದ್ದರು, ಅದರಲ್ಲಿ ಎಂಟು ಸುಳ್ಳು. ಮಕ್ಕಳನ್ನು ಅಲ್ಲಿ ಬಿಟ್ಟು ಕೂತ ತಂದೆ ತಾಯಂದಿರು ಅದನ್ನೇ ನೋಡಿ ನಿರ್ಧಾರ ಮಾಡುತ್ತಿದ್ದರು. ಆವತ್ತಿನಿಂದ ನನಗೆ ಈ ಚಟ ಅಂಟಿತು.

ಒಬ್ಬರು ಗೆಲುವು ಅಂತಾರೆ, ಇನ್ನೊಬ್ಬರು ಸೋಲು ಅಂತಾರೆ. ಯಾರನ್ನು ನಂಬೋದು?

ಯಾರನ್ನೂ ಇಡಿಯಾಗಿ ನಂಬಬೇಡಿ. ತನಗೇ ನಷ್ಟ ಆಗುವ ಮಾತನ್ನು ಯಾರು ಹೇಳಿದರು, ಅದನ್ನು ಹಿಡಿದುಕೊಳ್ಳಿ.

2022ರ ಏಪ್ರಿಲ್ 14ಕ್ಕೆ ರಷ್ಯಾದ ಮಾಸ್ಕ್ವಾ ಎಂಬ ಯುದ್ಧ ಹಡಗು ಮುಳುಗಿತು. ಯುಕ್ರೇನ್‌ನವರು "ನಮ್ಮ ನೆಪ್ಚೂನ್ ಕ್ಷಿಪಣಿ ಹೊಡೆಯಿತು" ಅಂದರು. ರಷ್ಯಾದವರು ಬೆಂಕಿ ಬಿತ್ತು, ಮದ್ದುಗುಂಡು ಸಿಡಿಯಿತು, ಎಳೆದುಕೊಂಡು ಹೋಗುವಾಗ ಮುಳುಗಿತು ಅಂದರು. ಕಾರಣಕ್ಕೆ ಎಷ್ಟು ಬೇಕಾದರೂ ಜಗಳ ಮಾಡಲಿ, ಹಡಗು ತಳ ಸೇರಿದೆ ಅನ್ನೋದರಲ್ಲಿ ಇಬ್ಬರದೂ ಒಂದೇ ಮಾತು. ಮೊದಲ ದಿನ ನಿಮಗೆ ಬೇಕಾದದ್ದು ಅಷ್ಟೇ.

ಇದು ಹೊಸ ವಿದ್ಯೆಯೂ ಅಲ್ಲ. ನಮ್ಮ ಕಾಕಾ 1971ರಲ್ಲಿ ಹದಿನಾರರ ಹುಡುಗ. ಮುಂಬೈಯಲ್ಲಿ ಬ್ಲ್ಯಾಕೌಟ್, ಕಿಟಕಿಗೆಲ್ಲ ಕಪ್ಪು ಕಾಗದ. ಅವರಪ್ಪ ರಾತ್ರಿ ರೇಡಿಯೊ ಮುಂದೆ ಕೂತು ಮೊದಲು ಆಕಾಶವಾಣಿ, ಆಮೇಲೆ ರೇಡಿಯೊ ಪಾಕಿಸ್ತಾನ್, ಕೊನೆಗೆ ಬಿಬಿಸಿ ಕೇಳುತ್ತಿದ್ದರಂತೆ. ಮೂರರಲ್ಲೂ ಬಂದ ಊರಿನ ಹೆಸರನ್ನು ಮಾತ್ರ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆಯುತ್ತಿದ್ದರಂತೆ. ಢಾಕಾದಲ್ಲಿ ಡಿಸೆಂಬರ್ 16ಕ್ಕೆ ಪಾಕಿಸ್ತಾನಿ ಸೇನೆ ಶರಣಾಯಿತು. ಪಾಕಿಸ್ತಾನದ ಜನರಿಗೆ ಅದು ಸಿಡಿಲಿನ ಹಾಗೆ ಬಡಿಯಿತು, ಯಾಕಂದರೆ ಅಲ್ಲಿಯವರೆಗೆ ಅವರ ಕಿವಿಗೆ ಬಿದ್ದದ್ದೆಲ್ಲ ಬೇರೆಯೇ ಕಥೆ. ಕಾಕಾ ಇದನ್ನು ವಾರಕ್ಕೊಮ್ಮೆ ಹೇಳುತ್ತಾರೆ, ಹೇಳಿ ಮುಗಿಸಿ ಯಾವುದೋ ಫಾರ್ವರ್ಡನ್ನು ಕಣ್ಣುಮುಚ್ಚಿ ಕಳಿಸುತ್ತಾರೆ. ಏನು ಮಾಡೋದು.

ಸರ್ಕಾರದ ಅಧಿಕೃತ ಹೇಳಿಕೆ ಓದಿದರೆ ಸಾಲದಾ?

ಓದಿ. ಆದರೆ ಆ ಭಾಷೆಗೆ ಬೇರೆ ಡಿಕ್ಷನರಿ ಬೇಕು. 2022ರ ಜೂನ್ 30ಕ್ಕೆ ರಷ್ಯಾ ಸ್ನೇಕ್ ಐಲ್ಯಾಂಡ್ ಎಂಬ ಪುಟ್ಟ ದ್ವೀಪ ಬಿಟ್ಟು ಹೋಯಿತು. ಅದಕ್ಕೆ ಅವರು ಕೊಟ್ಟ ಹೆಸರು ಸದ್ಭಾವನೆ. ಅದೇ ಸೆಪ್ಟೆಂಬರ್‌ನಲ್ಲಿ ಇಜ್ಯೂಮ್ ಬಿಟ್ಟು ಓಡಿದಾಗ ಪಡೆಗಳ ಮರುಜೋಡಣೆ ಅಂದರು. ಯುಕ್ರೇನ್‌ನವರೇನು ಕಮ್ಮಿಯಿಲ್ಲ. 2024ರ ಫೆಬ್ರವರಿ 17ಕ್ಕೆ ಅವ್ದೀವ್ಕಾ ಕೈಬಿಟ್ಟಾಗ, ಸುತ್ತುವರಿಯೋದನ್ನು ತಪ್ಪಿಸಲು ಹೆಚ್ಚು ಅನುಕೂಲದ ಸಾಲಿಗೆ ಸರಿದೆವು ಅಂದರು.

ಸ್ಟೇಷನ್ನಿನಲ್ಲಿ "ತಾಂತ್ರಿಕ ಕಾರಣದಿಂದ" ಅಂತ ಕೇಳಿದ ಕೂಡಲೇ ನಾವು ರಿಕ್ಷಾ ಹುಡುಕೋಕೆ ಹೊರಡುತ್ತೇವೆ, ಅಲ್ವಾ? ಹಾಗೇ ಓದಬೇಕು. ಮರುಜೋಡಣೆ ಅಂದರೆ ಜಾಗ ಹೋಯಿತು. "ಭಾರೀ ಹೋರಾಟ ನಡೆದಿದೆ" ಅಂತ ಮೂರು ದಿನ ಒಂದೇ ಊರಿನ ಬಗ್ಗೆ ಬಂದರೆ ಆ ಊರು ಅಲ್ಲಾಡುತ್ತಿದೆ. ನಿನ್ನೆವರೆಗೆ ದಿನಾ ಬರುತ್ತಿದ್ದ ಊರಿನ ಹೆಸರು ಇವತ್ತು ಹೇಳಿಕೆಯಲ್ಲಿ ಇಲ್ಲವೇ ಇಲ್ಲ ಅಂದರೆ ಅದನ್ನೇ ಮೊದಲು ಹುಡುಕಿ.

ನಕ್ಷೆಯಲ್ಲಿ ಬಣ್ಣ ಬದಲಾದರೆ ಗೆಲುವು ಅಂತಲೇ ಅರ್ಥ ಅಲ್ವಾ?

ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಬೆಳಗ್ಗೆ ಎದ್ದು ಹಲ್ಲುಜ್ಜೋ ಮೊದಲು ನಕ್ಷೆ ತೆಗೆಯುತ್ತಿದ್ದೆ. ಯುಕ್ರೇನ್ ಕಡೆಯ ಡೀಪ್‌ಸ್ಟೇಟ್ ಒಂದು, ವಾಷಿಂಗ್ಟನ್ನಿನ ಇನ್‌ಸ್ಟಿಟ್ಯೂಟ್ ಫಾರ್ ದಿ ಸ್ಟಡಿ ಆಫ್ ವಾರ್‌ನವರದು ಇನ್ನೊಂದು, ರಷ್ಯಾ ಪರವಾದ ರಿಬಾರ್ ಟೆಲಿಗ್ರಾಂ ಚಾನೆಲ್‌ನದು ಮತ್ತೊಂದು. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡೋದು ಒಳ್ಳೆಯ ಅಭ್ಯಾಸವೇ. ಇವರ ನಡುವೆ ವ್ಯತ್ಯಾಸ ಬರೋದು ಹೆಚ್ಚಾಗಿ ಅಂಚಿನ ಹಳ್ಳಿಗಳಲ್ಲಿ, ಆ ಬೂದು ಪಟ್ಟಿಯಲ್ಲಿ. ಅಲ್ಲಿ ಯಾರೂ ನೆಲೆಯೂರಿರೋದಿಲ್ಲ, ಬೆಳಗ್ಗೆ ಒಬ್ಬರು ಬಾವುಟ ನೆಟ್ಟು ಫೋಟೊ ತೆಗೆಸಿಕೊಂಡರೆ ರಾತ್ರಿ ಇನ್ನೊಬ್ಬರ ಡ್ರೋನ್ ಬಂದು ಓಡಿಸುತ್ತದೆ.

ಆದರೆ ನಕ್ಷೆ ಹೇಳೋದು ಆಗಿಹೋದ ಕಥೆ. ರಷ್ಯಾ ಹಿಡಿದಿದ್ದ ಖೆರ್ಸೊನ್ ನೋಡಿ. 2022ರ ಆಗಸ್ಟ್ 29ಕ್ಕೆ ಯುಕ್ರೇನ್ ಅಲ್ಲಿ ಪ್ರತಿದಾಳಿ ಶುರು ಅಂತ ಹೇಳಿತು. ತಿಂಗಳುಗಟ್ಟಲೆ ಬಣ್ಣ ಬದಲಾದದ್ದು ಕಮ್ಮಿ. "ಫೇಲ್ ಆಯ್ತು" ಅಂತ ನಮ್ಮ ಗುಂಪಿನಲ್ಲಿ ಎಷ್ಟು ಜನ ಬರೆದರೋ. ಆದರೆ ಊರು ಇದ್ದದ್ದು ನೀಪರ್ ನದಿಯ ಪಶ್ಚಿಮ ದಡದಲ್ಲಿ, ರಷ್ಯಾದ ಸಾಮಾನೆಲ್ಲ ಬರಬೇಕಿದ್ದದ್ದು ಪೂರ್ವದಿಂದ, ನದಿ ದಾಟಿ. ಜುಲೈನಿಂದಲೇ ಆಂಟೊನಿವ್ಕಾ ಸೇತುವೆ ಮೇಲೆ ಅಮೆರಿಕ ಕೊಟ್ಟ, ದೂರದಿಂದ ಗುರಿಯಿಟ್ಟು ಹೊಡೆಯುವ ಹೈಮಾರ್ಸ್ ರಾಕೆಟ್ ಬೀಳುತ್ತಿತ್ತು. ಸೇತುವೆ ತೂತು ತೂತಾಯಿತು, ಸಾಮಾನು ದೋಣಿಗೆ ಇಳಿಯಿತು.

ಗಾಡಿ ಕೆಲಸದವನಾಗಿ ನನಗೆ ಅದು ಆವತ್ತೇ ಹೊಳೆಯಬೇಕಿತ್ತು. ವಾಶಿ ಖಾಡಿ ಸೇತುವೆ ಬಂದ್ ಮಾಡಿ, ನವಿ ಮುಂಬೈಯಿಂದ ದಾದರ್‌ಗೆ ಹೋಗೋ ತರಕಾರಿಯನ್ನೆಲ್ಲ ದೋಣಿಯಲ್ಲಿ ಸಾಗಿಸು ಅಂದರೆ ಎಷ್ಟು ದಿನ ನಡೆಯುತ್ತೆ? ನವೆಂಬರ್ 9ಕ್ಕೆ ರಷ್ಯಾ ಹಿಂದೆ ಸರಿಯುವುದಾಗಿ ಹೇಳಿತು, 11ಕ್ಕೆ ಯುಕ್ರೇನ್ ಸೈನಿಕರು ಖೆರ್ಸೊನ್ ಚೌಕದಲ್ಲಿದ್ದರು. ನಕ್ಷೆ ಒಂದೇ ವಾರದಲ್ಲಿ ಬದಲಾಯಿತು. ಕೆಲಸ ಮುಗಿದದ್ದು ಅದಕ್ಕೂ ಎಷ್ಟೋ ಮೊದಲು, ಸೇತುವೆ ಮೇಲೆ.

ವಿಡಿಯೊ ಸುಳ್ಳೋ ನಿಜವೋ ಹೇಗೆ ಗೊತ್ತಾಗುತ್ತೆ?

ಪ್ರತಿ ಮಳೆಗಾಲ ನಮ್ಮ ಗುಂಪಿಗೆ "ಈಗಷ್ಟೇ, ಮುಂಬೈ ಮುಳುಗಿತು" ಅಂತ ಒಂದು ವಿಡಿಯೊ ಬರುತ್ತದೆ. ಅದು ಹಳೇದು ಅಂತ ನಮಗೆ ಎರಡು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಹೇಗೆ? ಮೆಟ್ರೊ ಕಂಬ ಇರಬೇಕಾದ ಕಡೆ ಕಂಬ ಇಲ್ಲ. ಲೋಕಲ್ ರೈಲಿನ ಬಣ್ಣ ಹಳೇದು. ಕಾರಿನ ಮಾಡೆಲ್ ಯಾವ ಕಾಲದ್ದೋ. ನಾವು ಅಲ್ಲಿ ದಿನಾ ಓಡಾಡುವವರು, ಅದಕ್ಕೆ ಕಣ್ಣು ತಾನೇ ಹಿಡಿಯುತ್ತದೆ.

ಯುದ್ಧದ ವಿಡಿಯೊ ಪತ್ತೆ ಮಾಡುವವರು ಮಾಡೋದೂ ಇದೇ, ಅವರು ಅದಕ್ಕೆ ಜಿಯೊಲೊಕೇಶನ್ ಅಂತಾರೆ. ಒಂದು ಸಲ ರೈಲಿನಲ್ಲಿ ಕೂತು ನಾನೇ ಮಾಡಿ ನೋಡಿದೆ. ಯುದ್ಧದ ಟ್ಯಾಂಕುಗಳು ಊರೊಳಗೆ ನುಗ್ಗುತ್ತಿವೆ ಅಂತ ಬರೆದು ಹಾಕಿದ, ಡ್ರೋನಿನಿಂದ ತೆಗೆದ ಇಪ್ಪತ್ತು ಸೆಕೆಂಡಿನ ತುಣುಕು. ಒಂದು ಕೂಡುರಸ್ತೆ, ಅದರ ಮೂಲೆಯಲ್ಲಿ ನೀರಿನ ಟ್ಯಾಂಕು, ಹೊಲಗಳ ನಡುವೆ ಗೆರೆ ಎಳೆದ ಹಾಗೆ ಮರದ ಸಾಲು, ಆ ಸಾಲಿನಲ್ಲಿ ಒಂದು ಕಡೆ ಹಲ್ಲು ಬಿದ್ದ ಹಾಗೆ ಖಾಲಿ ಜಾಗ. ಊರಿನ ಹೆಸರು ಕೆಳಗೆ ಬರೆದಿತ್ತು. ಉಪಗ್ರಹದ ನಕ್ಷೆ ತೆಗೆದು ಆ ಊರಿನ ಸುತ್ತ ರಸ್ತೆ ಹಿಡಿದು ಬೆರಳಾಡಿಸಿದೆ. ಠಾಣೆಯಿಂದ ಐರೋಲಿ ಬರೋ ಹೊತ್ತಿಗೆ ಕೂಡುರಸ್ತೆ ಸಿಕ್ಕಿತು, ನೀರಿನ ಟ್ಯಾಂಕಿನ ನೆರಳೂ ಸಿಕ್ಕಿತು. ಆದರೆ ಆ ಖಾಲಿ ಜಾಗ ಇದ್ದದ್ದು ರಸ್ತೆಯ ಇನ್ನೊಂದು ಮಗ್ಗುಲಲ್ಲಿ. ಅಂದರೆ ಬರೆದವರು ಹೇಳಿದಂತೆ ಯುದ್ಧದ ಟ್ಯಾಂಕುಗಳು ಊರೊಳಗೆ ನುಗ್ಗುತ್ತಿರಲಿಲ್ಲ, ಊರಿನಿಂದ ಹೊರಗೆ ಹೋಗುತ್ತಿದ್ದವು! ವಿಡಿಯೊ ಅಪ್ಪಟ ನಿಜ, ಬರೆದದ್ದು ಉಲ್ಟಾ. ಇಂಥದ್ದೇ ಜಾಸ್ತಿ ಮೋಸ ಮಾಡೋದು.

ಪೂರಾ ಸುಳ್ಳು ಕೂಡ ಬರುತ್ತದೆ. ಆರ್ಮಾ 3 ಅಂತ ಒಂದು ವಿಡಿಯೊ ಗೇಮ್ ಇದೆ. ಅದರ ತುಣುಕುಗಳು ನಿಜವಾದ ಯುದ್ಧ ಅಂತ ಎಷ್ಟು ಸಲ ಓಡಿದವು ಅಂದರೆ, 2022ರಲ್ಲಿ ಅದನ್ನು ಮಾಡಿದ ಕಂಪನಿಯವರೇ ಜನರಿಗೆ ಎಚ್ಚರಿಕೆ ಹೇಳಬೇಕಾಯಿತು. ಇನ್ನೊಂದು ತಮಾಷೆ: 2023ರ ಜೂನ್‌ನಲ್ಲಿ ರಷ್ಯಾದ ರಕ್ಷಣಾ ಸಚಿವಾಲಯ ಯುಕ್ರೇನಿಗೆ ಬಂದಿದ್ದ ಜರ್ಮನಿಯ ಲೆಪರ್ಡ್ ಟ್ಯಾಂಕ್ ಹೊಡೆದೆವು ಅಂತ ಒಂದು ವಿಡಿಯೊ ಬಿಟ್ಟಿತು. ನೋಡಿದವರು ಕಣ್ಣುಜ್ಜಿಕೊಂಡು, ಇದು ಟ್ಯಾಂಕಲ್ಲ, ಹೊಲದ ಯಂತ್ರ ಅಂದರು. ಅದಾಗಿ ಕೆಲವೇ ದಿನಕ್ಕೆ ನಿಜವಾದ ಲೆಪರ್ಡ್‌ಗಳು ಸುಟ್ಟು ನಿಂತ ಚಿತ್ರಗಳೂ ಬಂದವು. ಮೊದಲನೇದನ್ನು ನೋಡಿ ನಕ್ಕವರು ಎರಡನೇದನ್ನೂ ಸುಳ್ಳು ಅಂದರು. ಅವರಲ್ಲಿ ನಾನೂ ಒಬ್ಬ.

ವಿಡಿಯೊ ನಿಜ, ಜಾಗವೂ ನಿಜ ಅಂದ್ರೆ ಆಯ್ತಲ್ವಾ?

ಇಲ್ಲ. ಡ್ರೋನ್ ಹತ್ತು ಸಲ ಗುರಿ ತಪ್ಪಿದ್ದನ್ನು ಯಾರೂ ಹಾಕೋದಿಲ್ಲ, ಒಂದು ಸಲ ಬಿದ್ದದ್ದನ್ನು ಹಾಡು ಸೇರಿಸಿ ಹಾಕುತ್ತಾರೆ. ಯಾವ ಕಡೆಯ ವಿಡಿಯೊ ಜಾಸ್ತಿ ಬರುತ್ತದೋ ಆ ಕಡೆಯವರ ಹತ್ತಿರ ಕ್ಯಾಮೆರಾ ಜಾಸ್ತಿ ಇದೆ ಅಂತ ಮಾತ್ರ ತಿಳಿಯಿರಿ.

ಸತ್ತವರ ಲೆಕ್ಕ, ಟ್ಯಾಂಕಿನ ಲೆಕ್ಕ ನೋಡಿ ಹೇಳಬಹುದಾ?

ಎದುರಾಳಿ ಕಡೆ ಇಷ್ಟು ಸಾವಿರ ಸತ್ತರು ಅಂತ ಒಂದು ದೇಶ ಹೇಳಿದರೆ ಅದನ್ನು ಪಕ್ಕಕ್ಕಿಡಿ. ತನ್ನವರು ಇಷ್ಟು ಸತ್ತರು ಅಂತ ಹೇಳಿದರೆ ಅದನ್ನು ಕನಿಷ್ಠ ಅಂತ ಇಟ್ಟುಕೊಳ್ಳಿ. 2024ರ ಫೆಬ್ರವರಿಯಲ್ಲಿ ಯುಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿ ತಮ್ಮ 31,000 ಸೈನಿಕರು ಸತ್ತಿದ್ದಾರೆ ಅಂದರು, ಅದೇ ಡಿಸೆಂಬರ್‌ನಲ್ಲಿ 43,000 ಅಂದರು. ರಷ್ಯಾ ತನ್ನ ಸಂಖ್ಯೆ ಹೇಳೋದನ್ನು 2022ರಲ್ಲೇ ನಿಲ್ಲಿಸಿತು. ಅದಕ್ಕೆ ಮೀಡಿಯಾಜೋನಾ ಎಂಬ ಸುದ್ದಿತಾಣ ಮತ್ತು ಬಿಬಿಸಿಯ ರಷ್ಯನ್ ವಿಭಾಗ ಸೇರಿಕೊಂಡು ಶ್ರದ್ಧಾಂಜಲಿ, ಊರಿನ ಪೇಪರು, ಸ್ಮಶಾನದ ಕಲ್ಲು ನೋಡಿ ಒಂದೊಂದೇ ಹೆಸರು ಸೇರಿಸುತ್ತಿದ್ದಾರೆ. ಹೆಸರು ಸಮೇತ ಇರುವ ಲೆಕ್ಕ ಯಾವತ್ತೂ ನಿಜಕ್ಕಿಂತ ಕಮ್ಮಿಯೇ ಇರುತ್ತದೆ, ಆದರೆ ಸುಳ್ಳಿರೋದಿಲ್ಲ.

ಟ್ಯಾಂಕಿನ ಲೆಕ್ಕಕ್ಕೆ ಒರಿಕ್ಸ್ ಅಂತ ಒಂದು ತಾಣ ಇದೆ. ಫೋಟೊ ಇದ್ದರೆ ಮಾತ್ರ ಎಣಿಸುತ್ತಾರೆ. ಅದು ಒಳ್ಳೆಯದು. ಆದರೆ ಎಷ್ಟು ಸುಟ್ಟಿತು ಅನ್ನೋದಕ್ಕಿಂತ ಎಷ್ಟು ಉಳಿದಿದೆ, ತಿಂಗಳಿಗೆ ಎಷ್ಟು ಹೊಸದು ಬರುತ್ತದೆ ಅನ್ನೋದೇ ಮುಖ್ಯ, ಅದು ಫೋಟೊದಲ್ಲಿ ಕಾಣೋದಿಲ್ಲ.

ಹಾಗಾದ್ರೆ ದಾಳಿ ಗೆಲ್ಲುತ್ತೋ ಇಲ್ವೋ ಅಂತ ಹೇಳೋಕೆ ಏನು ನೋಡಬೇಕು?

ಇದಕ್ಕೆ ನನ್ನ ಸೋಲಿನ ಕಥೆ ಹೇಳುತ್ತೇನೆ.

2023ರ ಜೂನ್ ಮೊದಲ ವಾರ ಯುಕ್ರೇನ್‌ನ ದೊಡ್ಡ ಪ್ರತಿದಾಳಿ ಶುರುವಾಯಿತು. ಗುರಿ ಗುಟ್ಟೇನೂ ಆಗಿರಲಿಲ್ಲ. ಒರಿಖಿವ್‌ನಿಂದ ದಕ್ಷಿಣಕ್ಕೆ ಟೋಕ್ಮಾಕ್, ಅಲ್ಲಿಂದ ಮೆಲಿಟೊಪೋಲ್, ಆಮೇಲೆ ಅಜೋವ್ ಸಮುದ್ರ. ಅಲ್ಲಿಗೆ ಮುಟ್ಟಿದರೆ ರಷ್ಯಾದ ಸೇನೆ ಎರಡು ತುಂಡು. ನಾನು ಗುಂಪಿನಲ್ಲಿ ಬರೆದೆ: "ಗಣಪತಿ ಹಬ್ಬದೊಳಗೆ ಮೆಲಿಟೊಪೋಲ್. ತಪ್ಪಿದರೆ ಎಲ್ಲರಿಗೂ ಮಸಾಲೆ ದೋಸೆ." ಜರ್ಮನಿಯ ಟ್ಯಾಂಕು, ಅಮೆರಿಕದ ಬ್ರಾಡ್ಲಿ ಯುದ್ಧವಾಹನ, ಹೊಸದಾಗಿ ತರಬೇತಿ ಪಡೆದ ಪಡೆಗಳು, ಇಷ್ಟೆಲ್ಲ ವಿಡಿಯೊ ನೋಡಿ ತಲೆ ತಿರುಗಿತ್ತು.

ಆಗಸ್ಟ್ ಕೊನೆಗೆ ರೊಬೊಟಿನೆ ಎಂಬ ಒಂದು ಹಳ್ಳಿ ಸಿಕ್ಕಿತು. ಸೆಪ್ಟೆಂಬರ್ 19ಕ್ಕೆ ಗಣಪತಿ ಬಂದ, ಹತ್ತು ದಿನ ಇದ್ದು ಹೋದ. ಟೋಕ್ಮಾಕ್ ಕೂಡ ಸಿಗಲಿಲ್ಲ. ನವೆಂಬರ್ 1ಕ್ಕೆ, ನಾವು ರಾಜ್ಯೋತ್ಸವದ ಬಾವುಟ ಹಾರಿಸಿದ ದಿನ, ಅವರ ಸೇನಾ ಮುಖ್ಯಸ್ಥ ಝಲುಝ್ನಿ ಅವರೇ ಇಲ್ಲಿ ಇಬ್ಬರೂ ಅಲ್ಲಾಡದ ಹಾಗೆ ಸಿಕ್ಕಿಕೊಂಡಿದ್ದೇವೆ ಅಂತ ದಿ ಎಕಾನಮಿಸ್ಟ್ ಪತ್ರಿಕೆಗೆ ಹೇಳಿದರು. ಐದು ತಿಂಗಳಲ್ಲಿ ಮುಂದೆ ಹೋದದ್ದು 17 ಕಿಲೋಮೀಟರ್. ಡೊಂಬಿವಲಿಯಿಂದ ಮುಲುಂಡ್. ಸ್ಲೋ ಲೋಕಲ್‌ನಲ್ಲಿ ಅರ್ಧ ಗಂಟೆ.

ದೋಸೆ ಕೊಡಿಸಿದೆ, ಅದು ಬಿಡಿ. ಎಲ್ಲಿ ತಪ್ಪಿದೆ ಅಂತ ಆಮೇಲೆ ಕೂತು ಯೋಚಿಸಿದೆ. ದಾಳಿ ಮಾಡುವವರ ಕೈಲಿ ಏನಿದೆ ಅಂತ ನೋಡಿದ್ದೆನೇ ಹೊರತು, ಎದುರಿಗೆ ಏನಿದೆ ಅಂತ ನೋಡಿರಲಿಲ್ಲ. ರಷ್ಯಾದವರು ಕಂದಕ ತೋಡಿ, ಡ್ರ್ಯಾಗನ್ ಹಲ್ಲು ಅನ್ನೋ ಕಾಂಕ್ರೀಟ್ ಮೊಳೆಗಳನ್ನು ಸಾಲಾಗಿ ನಿಲ್ಲಿಸಿ, ಮುಂದೆಲ್ಲ ನೆಲಬಾಂಬ್ ಹೂತದ್ದು ತಿಂಗಳುಗಳ ಮೊದಲೇ ಉಪಗ್ರಹ ಚಿತ್ರದಲ್ಲಿ ಬಂದಿತ್ತು. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ ಯಾರು ಬೇಕಾದರೂ ಪುಕ್ಕಟೆ ನೋಡಬಹುದು, ಐದು ದಿನಕ್ಕೊಮ್ಮೆ ಅದೇ ಜಾಗ ಮತ್ತೆ ಬರುತ್ತದೆ. ಅದರಲ್ಲಿ ಒಂದು ಚುಕ್ಕೆ ಅಂದರೆ 10 ಮೀಟರ್, ಹಾಗಾಗಿ ಟ್ಯಾಂಕು ಕಾಣೋದಿಲ್ಲ. ಆದರೆ ಮೈಲಿಗಟ್ಟಲೆ ಕಂದಕ ಕಾಣುತ್ತದೆ, ಹೊಲದ ಮೇಲೆ ಉಗುರಿನಿಂದ ಗೀರಿದ ಹಾಗೆ. ಕಣ್ಣೆದುರಿಗೇ ಇತ್ತು. ನಾನು ಲೆಪರ್ಡ್ ವಿಡಿಯೊ ನೋಡುತ್ತಿದ್ದೆ.

ಈಗ ಏನು ನೋಡುತ್ತೇನೆ ಅಂದರೆ, ಮೊದಲು ದೂರ. ಗೆದ್ದೆ ಅನ್ನೋಕೆ ಎಲ್ಲಿಗೆ ಮುಟ್ಟಬೇಕು? ಮೂರು ಹಳ್ಳಿ ಹಿಡಿದರು ಅನ್ನೋದಲ್ಲ, ಯಾವ ರೈಲು ಜಂಕ್ಷನ್, ಯಾವ ಸೇತುವೆ, ಯಾವ ಹೆದ್ದಾರಿ ಕೈಗೆ ಬಂದರೆ ಎದುರಾಳಿಗೆ ಸಾಮಾನು ನಿಲ್ಲುತ್ತದೆ? ಅದು ಗೊತ್ತಾದ ಮೇಲೆ ಗಾಡಿ ಲೆಕ್ಕ. ಇದು ನನ್ನ ಹೊಟ್ಟೆಪಾಡಿನ ಲೆಕ್ಕ, ಹಾಗಾಗಿ ಸ್ವಲ್ಪ ಎಳೆಯುತ್ತೇನೆ, ಸಹಿಸಿಕೊಳ್ಳಿ. ನಮ್ಮ ಬಂದರಿನಿಂದ ಪನವೇಲ್ ಗೋದಾಮಿಗಾದರೆ ಒಂದು ಗಾಡಿ ದಿನಕ್ಕೆ ಎರಡು ಸುತ್ತು ಹೊಡೆಯುತ್ತದೆ. ಭಿವಂಡಿಗಾದರೆ ಒಂದೇ. ಅದೇ ಗಾಡಿ, ಅದೇ ಡ್ರೈವರ್, ಆದರೆ ಸಾಗಿದ ಸಾಮಾನು ಅರ್ಧ. ಸೇನೆಗೂ ಇದೇ. 2022ರ ಬೇಸಿಗೆಯಲ್ಲಿ ಹೈಮಾರ್ಸ್ ಬಂದ ಮೇಲೆ ರಷ್ಯಾದವರು ಮದ್ದುಗುಂಡಿನ ಗೋದಾಮುಗಳನ್ನು ಮುಂಚೂಣಿಯಿಂದ ದೂರ ಸರಿಸಬೇಕಾಯಿತು. ಗೋದಾಮು ಹಿಂದೆ ಹೋದಷ್ಟೂ ಸುತ್ತು ಕಮ್ಮಿ, ಫಿರಂಗಿಗೆ ಗುಂಡು ಕಮ್ಮಿ. ಮುಂದೆ ನುಗ್ಗುವವನಿಗೂ ಅದೇ ಕಷ್ಟ, ಗೆದ್ದಷ್ಟೂ ಅವನ ಗೋದಾಮು ದೂರ ಆಗುತ್ತದೆ. ಕೀವ್ ಉತ್ತರಕ್ಕೆ 64 ಕಿಲೋಮೀಟರ್ ಉದ್ದದ ರಷ್ಯನ್ ವಾಹನಗಳ ಸಾಲು 2022ರಲ್ಲಿ ನಿಂತದ್ದು ನೆನಪಿದೆಯಾ? ಟಿವಿಯವರು ಅದನ್ನು ಹೆಬ್ಬಾವು ಅನ್ನೋ ಥರ ತೋರಿಸಿ ಹೆದರಿಸಿದರು. ನಾನು ನೋಡಿದ್ದೇ, ಜೆಎನ್‌ಪಿಟಿ ಅನ್ನೋ ನಮ್ಮ ನ್ಹಾವಾ ಶೇವಾ ಬಂದರಿನ ಗೇಟಿನ ಮುಂದಿನ ಜಾಮ್ ಇದ್ದ ಹಾಗಿದೆಯಲ್ಲಾ ಅಂದುಕೊಂಡೆ. ಆ ಒಂದು ಸಲ ನಾನು ಸರಿ ಇದ್ದೆ. ಏಪ್ರಿಲ್ ಮೊದಲ ವಾರದೊಳಗೆ ಅವರು ಕೀವ್ ಸುತ್ತಲಿಂದ ವಾಪಸ್.

ಆಮೇಲೆ ಮಣ್ಣು. ಯುಕ್ರೇನ್‌ನದು ಕಪ್ಪು ಮಣ್ಣು. ನಮ್ಮ ಗದಗ, ವಿಜಯಪುರ ಕಡೆಯ ಎರೆ ಹೊಲದಲ್ಲಿ ಮಳೆ ಬಂದ ಮರುದಿನ ಕಾಲಿಟ್ಟವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ, ಚಪ್ಪಲಿ ಅಲ್ಲೇ, ಕಾಲು ಮಾತ್ರ ಮೇಲೆ. ಅಲ್ಲಿ ವಸಂತಕ್ಕೊಮ್ಮೆ, ಶರತ್ಕಾಲಕ್ಕೊಮ್ಮೆ ಇದು ಬರುತ್ತದೆ. ಹೊಲದಲ್ಲಿ ಇಳಿಯೋಕಾಗದ ಟ್ಯಾಂಕು ಡಾಂಬರು ರಸ್ತೆ ಹಿಡಿಯುತ್ತದೆ, ರಸ್ತೆ ಮೇಲೆ ಸಾಲಾಗಿ ಬರುವುದನ್ನು ಹೊಡೆಯೋದು ಸುಲಭ. ದಾಳಿ ಯಾವ ತಿಂಗಳು ಶುರುವಾಯಿತು, ಮಳೆಗೆ ಎಷ್ಟು ವಾರ ಇದೆ ಅಂತ ನೋಡಿ.

ಕೊನೆಗೆ, ಹಿಂದೆ ಇನ್ನೂ ಯಾರಿದ್ದಾರೆ? ಮೊದಲ ದಿನ ನುಗ್ಗಿದವರು ಸುಸ್ತಾದಾಗ ಅವರ ಜಾಗಕ್ಕೆ ಬರುವ ಪಡೆ ಇದೆಯಾ? ಇದು ಹೊರಗಿನವರಿಗೆ ಸುಲಭಕ್ಕೆ ಸಿಗದ ವಿಷಯ. ಒಂದು ಸುಳಿವು ಮಾತ್ರ ಇದೆ: ಬೇರೆ ಕಡೆ ಕಾದಾಡುತ್ತಿದ್ದ ಬ್ರಿಗೇಡಿನ ಹೆಸರು ದಿಢೀರನೆ ಇಲ್ಲಿ ಕಾಣಿಸಿಕೊಂಡರೆ, ಡಬ್ಬದ ತಳ ಕೆರೆಯುತ್ತಿದ್ದಾರೆ ಅಂತ ಅರ್ಥ.

ಕಾಯುವ ಒಬ್ಬನಿಗೆ ನುಗ್ಗುವವರು ಮೂವರಿದ್ದರೆ ದಾಳಿ ಗೆಲ್ಲುತ್ತೆ ಅಂತಾರಲ್ಲ?

ಅದು ಹಳೇ ಅಂದಾಜು ಲೆಕ್ಕ, ಅದೂ ನುಗ್ಗುವ ಆ ಒಂದು ಜಾಗದ್ದು. ಇಡೀ ದೇಶದ ಸೈನ್ಯ ಕೂಡಿಸಿ ಭಾಗಿಸಬೇಡಿ.

ಏನೂ ಸುಳಿವಿಲ್ಲದೆ ಗೆದ್ದದ್ದೂ ಇದೆಯಲ್ಲ?

ಇದೆ, ಅದಕ್ಕೇ ಇಷ್ಟೆಲ್ಲ ಹೇಳಿದ ಮೇಲೂ ನಾನು ಬಾಜಿ ಕಟ್ಟೋದು ಬಿಟ್ಟಿದ್ದೇನೆ. 2022ರ ಸೆಪ್ಟೆಂಬರ್‌ನಲ್ಲಿ ಇಡೀ ಜಗತ್ತು ಖೆರ್ಸೊನ್ ನೋಡುತ್ತಿತ್ತು, ರಷ್ಯಾ ಕೂಡ ಪಡೆಗಳನ್ನು ಆ ಕಡೆಗೇ ಸಾಗಿಸಿತ್ತು. 6ನೇ ತಾರೀಕು ಯುಕ್ರೇನ್ ಖಾರ್ಕಿವ್ ಕಡೆ ಬಲಾಕ್ಲಿಯಾದಲ್ಲಿ ನುಗ್ಗಿತು. ಒಂದು ವಾರ ತುಂಬೋದರೊಳಗೆ ಕುಪ್ಯಾನ್‌ಸ್ಕ್, ಇಜ್ಯೂಮ್ ಎರಡೂ ಕೈಗೆ. ಎದುರಿಗಿದ್ದ ಸಾಲು ತೆಳ್ಳಗಿತ್ತು, ಹಿಂದೆ ಇನ್ನೊಂದು ಸಾಲು ಇರಲಿಲ್ಲ. 2024ರ ಆಗಸ್ಟ್ 6ಕ್ಕೆ ರಷ್ಯಾದ ಕುರ್ಸ್ಕ್ ಒಳಗೆ ನುಗ್ಗಿದ್ದೂ ಹಾಗೇ, ಯಾರಿಗೂ ಮುಂಚೆ ಗೊತ್ತಾಗಲಿಲ್ಲ. ಆದರೆ ಕುರ್ಸ್ಕ್‌ನಲ್ಲಿ ಹಿಡಿದದ್ದರಲ್ಲಿ ಹೆಚ್ಚಿನದು 2025ರ ಮಾರ್ಚ್ ಹೊತ್ತಿಗೆ ಮತ್ತೆ ಕೈತಪ್ಪಿತು. ಅಂದರೆ ದಿಢೀರ್ ಹೊಡೆತ ಮೊದಲ ವಾರವನ್ನು ಕೊಡುತ್ತದೆ. ಆರನೇ ತಿಂಗಳಿಗೆ ಮತ್ತೆ ಗಾಡಿ ಲೆಕ್ಕವೇ.

ಸೈನಿಕರೇ ಹಾಕುವ ಪೋಸ್ಟ್‌ಗಳು ಒಂದು ಕಡೆಯಿಂದ ಪೂರ್ತಿ ನಿಂತುಹೋದರೆ ಕಿವಿ ನಿಮಿರಿಸಿ. ಸುಮ್ನೆ ಇದ್ದಾರೆ ಅಂದರೆ ಏನೋ ನಡೆದಿದೆ.

ಟಿವಿಗೆ ಬರೋ ತಜ್ಞರು?

ಕೀವ್ ಕೆಲವೇ ದಿನದಲ್ಲಿ ಬೀಳುತ್ತದೆ ಅಂತ 2022ರಲ್ಲಿ ಅಮೆರಿಕದ ಅಧಿಕಾರಿಗಳೇ ಅಂದುಕೊಂಡಿದ್ದರು. ತಪ್ಪು ಎಲ್ಲರೂ ಮಾಡುತ್ತಾರೆ. ಹೋದ ಸಲ ಹೇಳಿದ್ದು ತಪ್ಪಾಯಿತು ಅಂತ ತಾವಾಗಿ ಹೇಳುವವರನ್ನು ಓದಿ, ಉಳಿದವರನ್ನು ಮ್ಯೂಟ್ ಮಾಡಿ.

ನಮ್ಮದೇ ದೇಶದ ವಿಷಯ ಬಂದಾಗ್ಲೂ ಹೀಗೇ ಅನುಮಾನ ಪಡಬೇಕಾ?

ಈ ಪ್ರಶ್ನೆಗೆ ಗುಂಪಿನಲ್ಲಿ ಒಂದು ಸಲ ಜಗಳವೇ ಆಗಿದೆ. ಆದರೂ ಹೇಳುತ್ತೇನೆ, ಹೌದು. 2025ರ ಮೇ ತಿಂಗಳ ಆಪರೇಷನ್ ಸಿಂಧೂರದ ರಾತ್ರಿಗಳಲ್ಲಿ ನಮ್ಮ ಕೆಲವು ಚಾನೆಲ್‌ಗಳು ಕರಾಚಿ ಬಂದರು ನಾಶ ಅಂದವು. ಬಂದರಿನ ಕೆಲಸದವನು ನಾನು, ನಿದ್ದೆ ಬಿಟ್ಟು ಹಡಗುಗಳ ನಕ್ಷೆ ತೆಗೆದೆ. ನಾಶವಾದ ಬಂದರಿನಲ್ಲಿ ಹಡಗುಗಳು ಅವುಗಳ ಪಾಡಿಗೆ ನಿಂತಿದ್ದವು. ಸುದ್ದಿ ಸುಳ್ಳು. ಆ ಕಡೆಯಿಂದಲೂ ರಾಶಿ ರಾಶಿ ಸುಳ್ಳು ಬಂತು, ಪಿಐಬಿ ಫ್ಯಾಕ್ಟ್ ಚೆಕ್‌ನವರು ಹಗಲು ರಾತ್ರಿ ಅದನ್ನು ತೊಳೆಯುತ್ತಿದ್ದರು. ನಮ್ಮ ವಿಮಾನಗಳೂ ಸ್ವಲ್ಪ ನಷ್ಟ ಆಗಿವೆ ಅಂತ ರಕ್ಷಣಾ ಪಡೆಗಳ ಮುಖ್ಯಸ್ಥ ಅನಿಲ್ ಚೌಹಾಣ್ ಸಿಂಗಪುರದಲ್ಲಿ ಹೇಳಿದ್ದು ಮೇ 31ಕ್ಕೆ, ಕದನ ನಿಂತು ಮೂರು ವಾರ ಆದ ಮೇಲೆ. ಆರು ವಿಮಾನ ಬಿದ್ದವು ಅನ್ನೋ ಪಾಕಿಸ್ತಾನದ ಮಾತು ಪೂರ್ತಿ ತಪ್ಪು ಅಂತಲೂ ಅವರೇ ಹೇಳಿದರು. ತನ್ನ ನಷ್ಟ ತಾನೇ ಒಪ್ಪಿದ ಮಾತು, ಮೇಲೆ ಹೇಳಿದೆನಲ್ಲ, ಅದಕ್ಕೆ ತೂಕ ಜಾಸ್ತಿ.

ಇನ್ನೊಂದು ವಿಷಯ. ಪತ್ತೆ ಮಾಡೋದು ಬೇರೆ, ಹಂಚೋದು ಬೇರೆ. 2008ರ ನವೆಂಬರ್ 26ರ ರಾತ್ರಿ ತಾಜ್ ಹೋಟೆಲ್ ಹೊರಗಿನಿಂದ ಟಿವಿ ಲೈವ್ ನಡೆಯುತ್ತಿದ್ದಾಗ, ಪಾಕಿಸ್ತಾನದಲ್ಲಿ ಕೂತವರು ಅದನ್ನು ನೋಡಿ ಒಳಗಿದ್ದವರಿಗೆ ಫೋನಿನಲ್ಲಿ ದಾರಿ ಹೇಳುತ್ತಿದ್ದರು. 2012ರ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಲೈವ್ ಪ್ರಸಾರವನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಿತು. ಮುಂಬೈಯವರಾದ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕಾ? ನಿಮ್ಮ ಮನೆ ಟೆರೇಸಿನಿಂದ ಮಿಲಿಟರಿ ಗಾಡಿ ಕಂಡರೆ ನೋಡಿ ಸುಮ್ಮನಿರಿ.

ಸುದ್ದಿ ಬಂದ ಎಷ್ಟು ದಿನಕ್ಕೆ ನಂಬಬಹುದು?

ಒಂದು ಹಳ್ಳಿ ಬಿತ್ತು ಅನ್ನೋದಕ್ಕೆ ನಾನು ಮೂರು ದಿನ ಕೊಡುತ್ತೇನೆ. ಅಷ್ಟರಲ್ಲಿ ಜಾಗ ಪತ್ತೆಯಾದ ವಿಡಿಯೊ ಬರುತ್ತದೆ, ಇಲ್ಲವೇ ಎದುರಾಳಿ ಕಡೆಯ ಯಾರೋ ಟೆಲಿಗ್ರಾಂನಲ್ಲಿ ಗೊಣಗಿರುತ್ತಾನೆ. ನಾಸಾದ ಫರ್ಮ್ಸ್ ಅನ್ನೋ ತಾಣದಲ್ಲಿ ಎಲ್ಲಿ ಬೆಂಕಿ ಹತ್ತಿದೆ ಅಂತ ಉಪಗ್ರಹ ತೋರಿಸುತ್ತದೆ, ಅದೂ ಪುಕ್ಕಟೆ. ಆದರೆ ರೈತರು ಕೂಳೆ ಸುಟ್ಟರೂ ಅಲ್ಲಿ ಕೆಂಪು ಚುಕ್ಕೆಯೇ ಬೀಳುತ್ತದೆ, ಪಂಜಾಬಿನ ಚುಕ್ಕೆಗಳನ್ನು ನೋಡಿದವರಿಗೆ ಗೊತ್ತು.

ನಿಮ್ಮ ಮನಸ್ಸು ಯಾರ ಕಡೆ?

ದಾಳಿಗೆ ಒಳಗಾದವರ ಕಡೆ. ಅದನ್ನು ಮುಚ್ಚಿಡೋದಿಲ್ಲ. ಗಣಪತಿ ಹಬ್ಬದ ಬಾಜಿ ಸೋತದ್ದೂ ಅದರಿಂದಲೇ, ಹಾಗಾಗಿ ಈಗ ನನಗೆ ಖುಷಿ ಕೊಡುವ ಸುದ್ದಿಯನ್ನು ಎರಡು ಸಲ ತಿರುವಿ ನೋಡುತ್ತೇನೆ.

ಮಾರಾಯ್ರೆ, ಅದೆಲ್ಲ ಇರಲಿ, ಸೂರ್ಯಕಾಂತಿ ಎಣ್ಣೆ ಡಬ್ಬ ಈಗಲೇ ತಗೊಂಡು ಇಡಬೇಕಾ ಬೇಡ್ವಾ?

ಮಾಟುಂಗಾದಲ್ಲಿ ಹೋಟೆಲ್ ಇಟ್ಟಿರುವ ನಮ್ಮ ಅಣ್ಣನ ಪ್ರಶ್ನೆ ಇದು. 2022ರಿಂದ ಪ್ರತಿ ದಾಳಿಗೂ ಇದೊಂದನ್ನೇ ಕೇಳುತ್ತಾರೆ. ಯುದ್ಧಕ್ಕೆ ಮೊದಲು ನಮ್ಮ ದೇಶಕ್ಕೆ ಸೂರ್ಯಕಾಂತಿ ಎಣ್ಣೆ ಬರುತ್ತಿದ್ದದ್ದು ಹೆಚ್ಚಾಗಿ ಯುಕ್ರೇನ್‌ನಿಂದ, ಹಾಗಾಗಿ ವಡೆ ಕರಿಯುವವರಿಗೆ ಇದು ಸಣ್ಣ ವಿಷಯವಲ್ಲ.

2023ರ ಜುಲೈ 17ಕ್ಕೆ ಯುಕ್ರೇನ್ ಬಂದರುಗಳಿಂದ ಧಾನ್ಯ, ಎಣ್ಣೆಯ ಹಡಗುಗಳನ್ನು ತಡೆಯದೆ ಬಿಡುವ ಕಪ್ಪು ಸಮುದ್ರದ ಧಾನ್ಯ ಒಪ್ಪಂದದಿಂದ ರಷ್ಯಾ ಹೊರಬಂತು. ಅಣ್ಣ ಫೋನ್ ಮಾಡಿದರು. ನಾನು ಆಗ ರೊಬೊಟಿನೆ ನೋಡುತ್ತಿದ್ದೆ, "ದಾಳಿ ನಿಂತುಹೋಗಿದೆ, ಎಣ್ಣೆ ಬರೋದು ಕಷ್ಟ, ಇಪ್ಪತ್ತು ಡಬ್ಬ ತಗೊಳ್ಳಿ" ಅಂದೆ. ಅದೇ ಹೊತ್ತಿಗೆ, ಹೇಳಿಕೊಳ್ಳುವಂಥ ನೌಕಾಪಡೆಯೇ ಇಲ್ಲದ ಯುಕ್ರೇನ್ ಕ್ಷಿಪಣಿ ಮತ್ತು ಸಮುದ್ರದ ಡ್ರೋನ್‌ಗಳಿಂದ ರಷ್ಯಾದ ಹಡಗುಗಳನ್ನು ಪಶ್ಚಿಮದ ನೀರಿನಿಂದ ಹಿಂದಕ್ಕೆ ಅಟ್ಟುತ್ತಿತ್ತು. ಆಗಸ್ಟ್ 16ಕ್ಕೆ ಜೋಸೆಫ್ ಶುಲ್ಟೆ ಎಂಬ ಕಂಟೇನರ್ ಹಡಗು ಒಡೆಸ್ಸಾ ಬಿಟ್ಟು ಹೊಸ ದಾರಿಯಲ್ಲಿ ಹೊರಟಿತು, ಯಾವ ಒಪ್ಪಂದವೂ ಇಲ್ಲದೆ. ಸೆಪ್ಟೆಂಬರ್ 22ಕ್ಕೆ ಸೆವಾಸ್ಟೊಪೋಲ್‌ನಲ್ಲಿದ್ದ ಕಪ್ಪು ಸಮುದ್ರ ನೌಕಾಪಡೆಯ ಮುಖ್ಯ ಕಚೇರಿಗೇ ಕ್ಷಿಪಣಿ ಬಿತ್ತು. ನಂತರದ ವಾರಗಳಲ್ಲಿ ರಷ್ಯಾದ ದೊಡ್ಡ ಹಡಗುಗಳು ಪೂರ್ವಕ್ಕೆ, ನೊವೊರೊಸಿಸ್ಕ್‌ಗೆ ಸರಿದವು.

ನೆಲದ ಮೇಲೆ 17 ಕಿಲೋಮೀಟರ್, ಸಮುದ್ರದಲ್ಲಿ ಇಡೀ ದಾರಿ. ದಿನಾ ಹಡಗಿನ ಪಟ್ಟಿ ನೋಡಿ ಹೊಟ್ಟೆ ಹೊರೆಯುವವನು ನಾನು, ನನ್ನ ಕಣ್ಣಿಗೇ ಬೀಳಲಿಲ್ಲ. ಜೋಸೆಫ್ ಶುಲ್ಟೆ ಹೊರಟ ಸುದ್ದಿ ನನ್ನ ಆಫೀಸಿನ ಮೇಲ್‌ನಲ್ಲೇ ಬಂದಿತ್ತಂತೆ, ನಾನು ತೆರೆದಿರಲಿಲ್ಲ. ಅಣ್ಣನ ಇಪ್ಪತ್ತು ಡಬ್ಬ ದೀಪಾವಳಿವರೆಗೂ ಹೋಟೆಲಿನ ಮೆಟ್ಟಿಲ ಕೆಳಗೇ ಇತ್ತು. ಈಗ ಅವರು ಫೋನ್ ಮಾಡಿದರೆ ನಾನು ಮೊದಲು ಒಡೆಸ್ಸಾದಿಂದ ಆ ವಾರ ಎಷ್ಟು ಹಡಗು ಹೊರಟವು ಅಂತ ನೋಡುತ್ತೇನೆ, ಆಮೇಲೆ ಫೋನ್ ಎತ್ತುತ್ತೇನೆ.